ಮಲ್ಲಿಗೆಯೂ ಅತ್ತೆಯ ಮುಖವೂ

ಮೊನ್ನೆ ಅಟ್ಟ ಗುಡಿಸುವಾಗ ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡು ಸಿಕ್ಕಿತು. ಒಂದು ಕಾಲಿಗೆ ಸೈಕಲ್ ಟ್ಯೂಬು ಬಿಗಿದಿತ್ತು. ನೋಡಿದೊಡನೆ ಅಳು ಬರಬೇಕಿತ್ತು... ಬಂದದ್ದು ಸಿಟ್ಟು.

ಹಡಗಲಿಯ ನಮ್ಮ ಮನೆಯಲ್ಲಿ ಆ ಸ್ಟ್ಯಾಂಡನ್ನು ಎಡವದೆ ಯಾರೂ ಓಡಾಡಿದ್ದಿಲ್ಲ. ನಮ್ಮ ಮನೆಯವರಿಗೆ ಬಜಾರದಲ್ಲಿ ಸಣ್ಣದೊಂದು ಸ್ಟುಡಿಯೋ ಇತ್ತು. ರೀಲಿನ ಕಾಲ ಮುಗಿದು ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಎಚ್‌ಡಿಆರ್ ಎಂಬುದೊಂದನ್ನು ಎಲ್ಲಿಂದಲೋ ಕಲಿತು ಬಂದರು. ಒಂದೇ ನೋಟವನ್ನು ಮೂರು ಸಲ ತೆಗೆಯುವುದು. ಒಮ್ಮೆ ಕಪ್ಪಗೆ, ಒಮ್ಮೆ ಹದವಾಗಿ, ಒಮ್ಮೆ ಬೆಳ್ಳಗೆ. ಆಮೇಲೆ ಕಂಪ್ಯೂಟರಿನಲ್ಲಿ ಮೂರನ್ನೂ ಕೂಡಿಸುವುದು. ನೆರಳಲ್ಲಿದ್ದದ್ದೂ ಬಿಸಿಲಲ್ಲಿದ್ದದ್ದೂ ಎರಡೂ ಕಾಣುತ್ತವಂತೆ. ಕಂಡವು, ಕಾಣದೆ ಏನು! ಆಕಾಶ ಬಾಸುಂಡೆ ಎದ್ದ ಬಣ್ಣಕ್ಕೆ ತಿರುಗಿತು. ಗಿರಾಕಿಯೊಬ್ಬರು ಆಲ್ಬಮ್ ಕುಕ್ಕಿ, “ನಮ್ಮವ್ವನ ಮುಖ ಎರಿಹೊಲದಂಗ ಬಿರುಕು ಬಿಟ್ಟೈತಲ್ರಿ, ಬಿತ್ತಿಗಿ ಮಾಡ್ಲೇನು?” ಎಂದು ಹೋದರು.

ಇವರಿಗೆ ಇದರ ಹುಚ್ಚು ಹಿಡಿದದ್ದು ಗಿರಾಕಿಗಳಿಗಾಗಿ ಅಲ್ಲ, ಅತ್ತೆಗಾಗಿ. ಅತ್ತೆ ದಿನಾ ಬಾಗಿಲಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಅವರದು ಗಾಢ ಕಪ್ಪು ಬಣ್ಣ. ಮುಖ ಕಾಣುವಂತೆ ತೆಗೆದರೆ ಮಡಿಲಿನ ಹೂ ಸುಣ್ಣದ ಮುದ್ದೆ. ಹೂ ಕಾಣುವಂತೆ ತೆಗೆದರೆ ಮುಖವೇ ಇಲ್ಲ. ಅವರ ಮದುವೆಯ ಫೋಟೋದಲ್ಲೂ ಬಾಸಿಂಗದ ಕೆಳಗೆ ಬರೀ ಒಂದು ಕಲೆ. ಒಮ್ಮೆ ಬೇರೆ ಕಡೆ ತೆಗೆಸಿದಾಗ ತಿದ್ದಿ ಬೆಳ್ಳಗೆ ಮಾಡಿ ಕೊಟ್ಟಿದ್ದರು. “ಇಕಿ ಯಾರೋ, ನನಗ ಗೊತ್ತಿಲ್ಲ” ಎಂದು ಅತ್ತೆ ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಮಗನಿಗೆ ಅದು ಚುಚ್ಚಿತ್ತು. ಅವ್ವ ನೋಡಿ ‘ಇದು ನಾನು’ ಅನ್ನಬೇಕು, ಅಂಥದ್ದೊಂದು ತೆಗೆದೇ ತೆಗೆಯುತ್ತೇನೆ ಎನ್ನುತ್ತಿದ್ದರು.

ಮೂರು ಸಲವೂ ಅಲುಗಾಡಬಾರದು. ಹೂ ಕಟ್ಟುವವರ ಕೈ ನಿಲ್ಲುತ್ತದೆಯೇ?

“ಅವ್ವಾ, ಕೈ ನಿಲ್ಸು.”

“ಮೊಗ್ಗು ಅರಳಿದ್ರ ನೀನು ಮುಡ್ಕಂಡು ಅಡ್ಡಾಡ್ತಿಯೇನಲೇ?”

ಕೂಡಿಸಿದ ಫೋಟೋದಲ್ಲಿ ಪ್ರತಿಸಲ ಆರು ಕೈ. “ಗುಡಿ ಕಟ್ಸು ತಮ್ಮಾ, ಒಳಗ ಕುಂದರ್ತೀನಿ” ಎಂದು ಅತ್ತೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಇತ್ತ ಅನ್ನ ಆರುತ್ತಿತ್ತು, ಅತ್ತ ಸ್ಟುಡಿಯೋ ಬಾಗಿಲು ಮುಚ್ಚಿರುತ್ತಿತ್ತು.

ಕೊನೆಯ ದಿನವೂ ಹೀಗೇ ಶುರುವಾಗಿತ್ತು. ಆದರೆ ಅಂದು ಅತ್ತೆ ಯಾಕೋ ದಾರ ಕೆಳಗಿಟ್ಟು, ಮಡಿಲಿನ ಮೊಗ್ಗಿನ ಮೇಲೆ ಕೈ ಊರಿ ಸುಮ್ಮನೆ ಕೂತರು. ಮೂರು ಸಲ ಕ್ಲಿಕ್ ಅಂತು.

“ಬಂತು! ಬಂತವ್ವಾ!” ಇವರು ಕುಣಿದರು.

“ಈಗ್ಲೇ ಕೂಡ್ಸಿ ತೋರಿಸ್ರಿ. ಒಂದ್ಸಲ ಮುಗೀಲಿ ಇದು” ಎಂದೆ.

“ಕರೆಂಟ್ ಎಲ್ಲೈತಿ? ಸಂಜಿಗೆ ಬಂದು ಕೂಡಿಸ್ತೀನಿ, ತಡಿಯೇ.”

ಆ ಮೆಮೊರಿ ಕಾರ್ಡನ್ನು ತೆಗೆದು ನನ್ನ ಕೈಗಿಟ್ಟು, ಕ್ಯಾಮೆರಾಕ್ಕೆ ಇನ್ನೊಂದು ಹಾಕಿಕೊಂಡು, ಹಿರೇಹಡಗಲಿಯ ಸೀಮಂತವೊಂದಕ್ಕೆ ಬೈಕಿನಲ್ಲಿ ಹೋದರು. ಬರುವ ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡರು. ಸಂಜೆ ಕರೆಂಟ್ ಬಂತು...

ವರ್ಷದ ಕಾರ್ಯ ಮುಗಿದ ಮೇಲೆ ಕಾರ್ಡನ್ನು ಇನ್ನೊಂದು ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿನವರು ಮೂರನ್ನೂ ಕೂಡಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿ, ಹೆಮ್ಮೆಯಿಂದ ಕೊಟ್ಟರು. “ಮುಖ ಕರ್ರಗಿತ್ತಲ್ರಿ ಅಕ್ಕಾ, ಬೆಳ್ಳಗ ಮಾಡೀನಿ.” ಮನೆಗೆ ತಂದು ತೋರಿಸಿದೆ.

ಅತ್ತೆ ನೋಡಿದರು. “ಮತ್ತ ಇಕೀನೇ ಬಂದ್ಲಾ?” ಎಂದರು.

ಈಗ ಅತ್ತೆಯೂ ಇಲ್ಲ. ಕೂಡಿಸದ ಆ ಮೂರನ್ನೂ ಬೇರೆ ಬೇರೆ ಪ್ರಿಂಟ್ ಹಾಕಿಸಿ ಸಾಲಾಗಿ ತೂಗುಹಾಕಿದ್ದೇನೆ. ಮೂವರೂ ಅಕ್ಕತಂಗಿಯರೇನು ಎಂದು ಕೆಲವರು ಕೇಳುತ್ತಾರೆ. ಒಂದರಲ್ಲಿ ಹೂ ಇದೆ, ಮುಖವಿಲ್ಲ. ಒಂದರಲ್ಲಿ ಮುಖವಿದೆ, ಹೂ ಇಲ್ಲ. ನಡುವಿನದರಲ್ಲಿ ಎರಡೂ ಅರೆಬರೆ. ಅತ್ತೆ ‘ಇದು ನಾನು’ ಎಂದು ಹೇಳಿದ ಫೋಟೋ ನಮ್ಮ ಮನೆಯಲ್ಲಿ ಇಲ್ಲ.