ಹಮೀದಣ್ಣನಿಗೆ ಮೂಳೆ ಕೊಡಲು ಹೊರಟವರು

ಕಳೆದ ತಿಂಗಳು ನಾವು ಐದು ಜನ ಜೀಪು ಮಾಡಿಕೊಂಡು ಚಿಕ್ಕಮಗಳೂರಿಗೆ ಹೋದೆವು. ಮೂಳೆ ಕೊಡಲಿಕ್ಕೆ!

ನಗಬೇಡಿ. ನಮ್ಮ ಬಣಕಲ್ ಕಡೆ ಯಾರಿಗಾದರೂ ರಕ್ತ ಬೇಕೆಂದರೆ ಹೀಗೇ ಹೊರಡುತ್ತೇವೆ. ಯಾವ ಗುಂಪು, ಎಷ್ಟು ಬಾಟಲಿ ಎಂದೆಲ್ಲ ಕೇಳುವುದು ಜೀಪು ಹತ್ತಿದ ಮೇಲೆ. ಆ ದಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದದ್ದು ಒಂದೇ ಸಾಲು: "ಹಮೀದಣ್ಣನ ಕಾಲಿಗೆ ಮೂಳೆ ಬೇಕಂತೆ, ಅರ್ಜೆಂಟ್."

ಹಮೀದಣ್ಣ ನಮ್ಮೂರಿನ ಬೈಕ್ ಮೆಕ್ಯಾನಿಕ್. ಎಂಟು ತಿಂಗಳ ಹಿಂದೆ ಯಾರದೋ ಗಾಡಿಯ ಟ್ರಯಲ್ ನೋಡಲು ಹೋಗಿ, ತಿರುವಿನಲ್ಲಿ ಬಿದ್ದು, ಮೊಣಕಾಲ ಕೆಳಗೆ ಮುರಿದುಕೊಂಡರು. ಪ್ಲೇಟು ಹಾಕಿದರು. ಮನುಷ್ಯ ಸುಮ್ಮನೆ ಮಲಗಿದ್ದರೆ ತಾನೇ? ಕುಂಟಿಕೊಂಡೇ ಗ್ಯಾರೇಜ್ ತೆರೆದರು. ಮೂಳೆ ಕೂಡಲಿಲ್ಲ, ನಡುವೆ ಸಂದು ಉಳಿಯಿತು. ಆ ಸಂದು ತುಂಬಲು ಈಗ ಮತ್ತೆ ಆಪರೇಷನ್. ಈ ಸಲವೂ ಕೂಡದಿದ್ದರೆ ಊರುಗೋಲೇ ಗತಿ. ಮಂಡಿಯೂರಿ ಕೂರಲಾಗದ ಮೆಕ್ಯಾನಿಕ್ ಏನು ಮಾಡಬೇಕು ಹೇಳಿ?

ಜೀಪಿನಲ್ಲಿ ಚರ್ಚೆ ಜೋರಾಗಿತ್ತು. ಎಸ್ಟೇಟ್ ರೈಟರ್ ಚಂದ್ರೇಗೌಡರು (ಕಥೆಗಾರರಲ್ಲ, ತೋಟದಲ್ಲಿ ಆಳುಗಳ ಹಾಜರಿ ಬರೆಯುವವರು) ಎದೆ ತಟ್ಟಿಕೊಂಡು, "ಪಕ್ಕೆಲುಬು ಒಂದು ಹೋದ್ರೆ ಏನೂ ಆಗಲ್ಲ ಮಾರಾಯ್ರೆ, ಇಪ್ಪತ್ನಾಲ್ಕು ಇದೆ" ಎಂದರು. ನನ್ನ ಚಿಂತೆಯೇ ಬೇರೆ. ನಾನು ಪುರೋಹಿತರ ಮನೆಯವನು, ಅನ್ನ ಸಾರು ತಿಂದು ಬೆಳೆದ ಮೂಳೆ ನನ್ನದು. ಬಿರಿಯಾನಿ ತಿಂದು ಬೆಳೆದ ಕಾಲಿಗೆ ಅದು ಒಗ್ಗೀತೇ? (ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವುದು ವಿಜ್ಞಾನ. ದಯವಿಟ್ಟು ಮಕ್ಕಳಿಗೆ ಹೇಳಬೇಡಿ.)

ವಾರ್ಡಿನಲ್ಲಿ ಹಮೀದಣ್ಣನ ಮಂಚದ ಸುತ್ತ ಸಾಲಾಗಿ ನಿಂತ ನಮ್ಮನ್ನು ಡಾಕ್ಟರು ನೋಡಿದರು. ಬಂದ ಕಾರಣ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು.

"ನಿಮ್ಮ ಯಾರ ಮೂಳೆನೂ ಬೇಡ. ಅವ್ರ ಸೊಂಟದಿಂದಲೇ ಸ್ವಲ್ಪ ತೆಗೀತೀವಿ. ಅಷ್ಟು ಸಾಲೋದಿಲ್ಲ, ಜೊತೆಗೆ ಬೇರೆ ಸೇರಿಸ್ಬೇಕು."

ಬೇರೆ ಅಂದರೆ? ವಿಜ್ಞಾನದ ಮೇಷ್ಟ್ರಿಗೆ ಪಾಠ ಶುರುವಾಯಿತು. ದಾನಿಗಳ ಮೂಳೆಯನ್ನು ಶುದ್ಧ ಮಾಡಿ ಇಟ್ಟಿರುತ್ತಾರಂತೆ. ದನದ ಮೂಳೆಯದ್ದೂ ಬರುತ್ತದಂತೆ. (ಇಲ್ಲಿ ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.) ಸಮುದ್ರದ ಹವಳದಿಂದ ಮಾಡಿದ್ದೂ ಉಂಟಂತೆ. ಕೊನೆಯದು ಫ್ಯಾಕ್ಟರಿಯದ್ದು. ಮೂಳೆಯಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನೇ ಬಳಸಿ ಮಾಡಿದ ಸಣ್ಣ ಸಣ್ಣ ಹರಳು. ಹಮೀದಣ್ಣನಿಗೆ ಅದೇ ಎಂದರು.

ಗೌಡರಿಗೆ ಸಮಾಧಾನವಾಗಲಿಲ್ಲ. "ಅಂದ್ರೆ ಡೂಪ್ಲಿಕೇಟ್ ಪಾರ್ಟ್ ಹಾಕ್ತೀರಾ ಡಾಕ್ಟ್ರೇ?"

ಮಂಚದ ಮೇಲಿಂದ ಹಮೀದಣ್ಣ ಬಾಯಿ ಹಾಕಿದರು. "ನಿಮ್ಮ ಗಾಡಿಗೂ ಅದೇ ಹಾಕಿರೋದು ಗೌಡ್ರೇ. ಓಡ್ತಿಲ್ವಾ?"



"ಆ ಹರಳು ಮೆಣಸಿನ ಬಳ್ಳಿಗೆ ಮರ ಇದ್ದ ಹಾಗೆ, ಆಸರೆ ಅಷ್ಟೆ" ಎಂದರು ಡಾಕ್ಟರು. "ಅದನ್ನ ಹಿಡ್ಕೊಂಡು ಅವ್ರದ್ದೇ ಮೂಳೆ ಬೆಳೀಬೇಕು. ಮೂರು ತಿಂಗಳು ಆ ಕಾಲು ನೆಲಕ್ಕೆ ಊರಬಾರದು. ಊರಿದ್ರೆ ಎಲ್ಲಾ ವೇಸ್ಟ್. ನೀವು ಅಷ್ಟು ನೋಡ್ಕೊಳ್ಳಿ, ಸಾಕು."

"ಅಷ್ಟೇನಾ!" ಎಂದೆವು ಐವರೂ. ನಿಜ ಹೇಳಲೇ? ವಾಪಸ್ ಬರುವಾಗ ನನ್ನ ಇನ್ನೂರಾರು ಮೂಳೆಗಳೂ ಹಗುರಾಗಿದ್ದವು.

ಆಪರೇಷನ್ ಚೆನ್ನಾಗಿ ಆಯಿತು. ಹಮೀದಣ್ಣ ಮನೆಗೆ ಬಂದರು. ಪಕ್ಕದಲ್ಲೇ ಇರುವ ಗ್ಯಾರೇಜಿನ ಶಟರ್ ಎಳೆದಿತ್ತು.

ಕಳೆದ ಶನಿವಾರ ನನ್ನ ಸ್ಕೂಟರ್ ಕೆಮ್ಮತೊಡಗಿತು. ಪಕ್ಕದ ಮೂಡಿಗೆರೆಯಲ್ಲಿ ಬೇರೆ ಮೆಕ್ಯಾನಿಕ್ ಇಲ್ಲವೇ? ಬೇಕಾದಷ್ಟು ಜನ ಇದ್ದಾರೆ. ಆದರೆ ಹಮೀದಣ್ಣನ ಕಿವಿ ಅವರಿಗೆಲ್ಲಿದೆ? ಕೂತಲ್ಲೇ ಸದ್ದು ಕೇಳಿ ಹೇಳಿದರೆ ಸಾಕು ಎಂದುಕೊಂಡು ಹೋದೆ. ನೋಡಿದರೆ ಅಂಗಳದಲ್ಲಿ ಆಗಲೇ ಎರಡು ಬೈಕು. ಒಂದರ ಪಕ್ಕ ಚಂದ್ರೇಗೌಡರು ಹಲ್ಲು ಕಿರಿಯುತ್ತಾ ನಿಂತಿದ್ದರು.

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಜಗಲಿಯ ಕುರ್ಚಿಯಲ್ಲಿದ್ದ ಹಮೀದಣ್ಣ ತಲೆ ಓರೆ ಮಾಡಿ, "ಇನ್ನೊಂಚೂರು ರೇಸ್ ಕೊಡಿ ಮೇಷ್ಟ್ರೇ" ಎಂದರು. ಕೊಟ್ಟೆ. ಬಗ್ಗಿ ಪ್ಲಗ್ ನೋಡಿ ತಲೆ ಎತ್ತುತ್ತೇನೆ, ಊರುಗೋಲು ಕುರ್ಚಿಗೆ ಒರಗಿಕೊಂಡೇ ಇದೆ! ಹಮೀದಣ್ಣ ಗೋಡೆ ಹಿಡಿದು ಮೆಟ್ಟಿಲಿಗೆ ಬಂದಿದ್ದಾರೆ. ಆಪರೇಷನ್ ಆದ ಕಾಲು ನೆಲದಿಂದ ಒಂದು ಗೇಣು ಮೇಲೆ ತೂಗಾಡುತ್ತಿದೆ.

ಒಳಗಿನಿಂದ ಅವರ ಹೆಂಡತಿ ಜುಬೇದಕ್ಕ ಓಡಿಬಂದು ರಟ್ಟೆ ಹಿಡಿದು ನಿಲ್ಲಿಸಿದರು. ಆ ಕಾಲು ಊರಿದ್ದರೆ? ನಾಚಿಕೆಯಿಂದ ಸ್ಕೂಟರ್ ಆಫ್ ಮಾಡಿದೆ.

ಜುಬೇದಕ್ಕ ಬೈಯಲಿಲ್ಲ. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಳದಲ್ಲಿದ್ದ ಗಾಡಿಗಳನ್ನೂ ನಮ್ಮನ್ನೂ ಒಂದು ಸಲ ನೋಡಿದರು.

"ಮೈಯೊಳಗಿನ ಮೂಳೆನೇ ಕೊಡ್ಲಿಕ್ಕೆ ಬಂದೋರಿಗೆ, ಮೂರು ತಿಂಗಳು ಬಸ್ಸಲ್ಲಿ ಹೋಗ್ಲಿಕ್ಕೆ ಆಗಲ್ವಾ ಮೇಷ್ಟ್ರೇ?"