ಒಳಗೆ ಬಿಟ್ಟ ಬಟ್ಟೆ

ಐನಾಪುರದ ಬಜಾರದಲ್ಲಿ ನನ್ನ ಚಹಾಪುಡಿ ಅಂಗಡಿಗೂ ಮದಿನಾಬಿಯ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಅವಳ ಮಷೀನ್ ಓಡಿದರೆ ನನ್ನ ಡಬ್ಬಿಗಳು ಗಡಗಡ ಅಲುಗುತ್ತವೆ. ಇದೇ ವಿಷಯಕ್ಕೆ ಎಷ್ಟೋ ಸಲ ಜಗಳ ತೆಗೆದಿದ್ದೇನೆ. "ಡಬ್ಬಿ ಸರಿಸಿ ಇಡ್ರಿ ಧನಪಾಲಣ್ಣಾ, ಮಷೀನ್ ಸರಿಸಾಕ ಬರೂದಿಲ್ಲ" ಎನ್ನುತ್ತಾಳೆ. ಐವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಬಾಯಲ್ಲಿ ಸದಾ ಗುಂಡುಸೂಜಿ. ಸೂಜಿ ಕಚ್ಚಿಕೊಂಡರೂ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ಇನ್ನೊಂದು ತಕರಾರು.

ನಮ್ಮಿಬ್ಬರ ಹೊಟ್ಟೆ ತುಂಬಿಸುವುದು ಒಂದೇ ಇಂಗ್ಲಿಷ್ ಶಬ್ದ: ಲೂಸ್. ನಾನು ಪ್ಯಾಕೆಟ್ ಮಾರುವವನಲ್ಲ, ಲೂಸ್ ಪುಡಿ ತೂಗಿ ಕೊಡುವವನು. ಅವಳಲ್ಲಿಗೆ ರವಿಕೆ, ಅಂದರೆ ನಮ್ಮ ಕಡೆಯ ಜಂಪರ್, ಹಿಡಿದು ಬರುವ ಹೆಂಗಸರು ಬಿಗಿಯಾಗಿದೆ ಲೂಸ್ ಮಾಡು ಎನ್ನುತ್ತಾರೆ, ಇಲ್ಲವೇ ಲೂಸ್ ಆಗಿದೆ ಹಿಡಿದು ಕೊಡು ಎನ್ನುತ್ತಾರೆ. ಎದುರಿನ ಗ್ಯಾರೇಜಿನಲ್ಲಿ ನಟ್ ಲೂಸ್. ಔಷಧದ ಅಂಗಡಿಯಲ್ಲಿ ಲೂಸ್ ಮೋಷನ್. ಸ್ವಲ್ಪ ವಿಚಿತ್ರವಾಗಿ ಆಡಿದವನು ಊರಿಗೆಲ್ಲ ಲೂಸ್. ನನ್ನ ಬೋರ್ಡು ಬರೆದ ಪುಣ್ಯಾತ್ಮನಂತೂ ಆ ಲೂಸ್ ಅನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು 'ಓ' ನುಂಗಿಬಿಟ್ಟ. ಜಂಪರ್ ಹೊಲಿಸಲು ಬರುವ ಕಾಲೇಜು ಹುಡುಗಿಯರು ಅದನ್ನು ಓದಿ ನಗುತ್ತಿದ್ದರು.

"ಕಾಕಾ, ಹಿಂಗ ಬರದ್ರ ಕಳಕೊಳ್ಳೂದು ಅಂತ ಅರ್ಥ ಆಗತೈತಿ. ಚಹಾಪುಡಿ ಕಳಕೊಂಡೀರೇನ್ರಿ?"

"ಕಳಕೊಂಡಿಲ್ಲವ್ವಾ, ಡಬ್ಬಿಯೊಳಗ ಐತಿ" ಎಂದು ನಾನೂ ನಗುತ್ತಿದ್ದೆ. ಬೋರ್ಡು ಹಾಗೇ ಉಳಿಯಿತು.

ಮದಿನಾಬಿ ಹೊಲಿಗೆ ಕಲಿತದ್ದು ಮುಗಳಖೋಡದ ತವರಿನಲ್ಲಿ, ತಾಯಿಯಿಂದ. ಗಂಡ ಗುಡುಸಾಬ ಗಾದಿಗೆ ಹತ್ತಿ ತುಂಬುವವನು. ಮನೆಯ ಮಾತನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟು ಸುಖವಾಗಿದ್ದಾನೆ. ಅವಳದೊಂದು ಹಟವಿದೆ. ಪಕ್ಕೆಯ ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಬಿಡದೆ ಯಾರ ಜಂಪರನ್ನೂ ಹೊಲಿಯುವುದಿಲ್ಲ. ಹುಡುಗಿಯರು ದಪ್ಪ ಕಾಣುತ್ತದೆ, ಕತ್ತರಿಸು ಎಂದು ಗೋಗರೆಯುತ್ತಾರೆ. "ಮೈ ಅಂದ್ರ ಇವತ್ತು ಇದ್ದಂಗ ನಾಳೆ ಇರತೈತೇನ? ಇರ್ಲಿ ಬಿಡು" ಎನ್ನುತ್ತಾಳೆ. ಕೆಲವರು ಮುನಿಸಿಕೊಂಡು ಬಸ್‌ಸ್ಟ್ಯಾಂಡಿನ ಹೊಸ ಟೇಲರ್ ಕಡೆ ಹೋದರು. ನಾನು ಬುದ್ಧಿ ಹೇಳಲು ಹೋದೆ.

"ನೀವು ಪುಡಿ ತೂಗಿದ ಮ್ಯಾಲ ಒಂದು ಚಿಮಟಿ ಜಾಸ್ತಿ ಹಾಕ್ತೀರಲ್ರಿ? ಇದೂ ಹಂಗ" ಎಂದಳು. ನಾನು ನನ್ನ ತಕ್ಕಡಿಗೆ ಮರಳಿದೆ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಹೆಂಡತಿ, ಮದಿನಾಬಿ ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುವ ಅಕ್ಕವ್ವನಿಗೆ ಮಿರಜಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಗಡ್ಡೆ ತೆಗೆದಾಯಿತು, ಇನ್ನು ಊಟ ಸೇರಿದರೆ ಚಿಂತೆಯಿಲ್ಲ ಎಂದರು ಡಾಕ್ಟರು. ಆ ಊಟವೇ ಸೇರಲಿಲ್ಲ. ಹೊತ್ತು ಮುಳುಗುವ ಮುಂಚೆ ಉಣ್ಣುವ ಜೈನರ ಮನೆ ನಮ್ಮದು. ತಾಟಿನ ಮುಂದೆ ಕೂರುತ್ತಿದ್ದಳು, ನುಚ್ಚು ಮಜ್ಜಿಗೆ ಕಲಸುತ್ತಿದ್ದಳು, ಹೊತ್ತು ಮುಳುಗಿತೆಂದು ಹೇಳಿ ಕೈ ತೊಳೆಯುತ್ತಿದ್ದಳು. ಮೈ ಇಳಿಯುತ್ತಲೇ ಹೋಯಿತು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನಗೆ ಭಯವಾಗಿತ್ತು, ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ ಕಣ್ಣಿಗೆ ಬೀಳುವ, 'ಕಳಕೊಳ್ಳೂದು' ಎನ್ನುವ ಆ ಬೋರ್ಡಿಗೆ ಕಲ್ಲು ಒಗೆಯಬೇಕು ಎನಿಸುತ್ತಿತ್ತು.

ಒಂದು ದಿನ ಅಕ್ಕವ್ವ ತನ್ನ ಜಂಪರುಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದಳು. "ಎಲ್ಲಾ ಲೂಸ್ ಆಗ್ಯಾವ್ರಿ. ಮದಿನಾಗ ಕೊಟ್ಟು ಕತ್ತರಿಸಿ ಸಣ್ಣ ಮಾಡಸ್ರಿ. ಒಳಗಿನ ಬಟ್ಟಿ ಯಾಕ ಬೇಕು ಇನ್ನ?"

ಆ 'ಇನ್ನ' ಎಂಬ ಮಾತು ನನ್ನ ಎದೆಗೆ ನಾಟಿತು. ಚೀಲ ಎತ್ತಿಕೊಂಡು ಮದಿನಾಬಿಯ ಅಂಗಡಿಗೆ ಬಂದೆ.

ಮದಿನಾಬಿ ಎಲ್ಲಕ್ಕೂ ಮೇಲಿದ್ದ ಕೆಂಪು ಖಣದ ಜಂಪರನ್ನು ಎತ್ತಿಕೊಂಡಳು. ಅಕ್ಕವ್ವನಿಗೆ ಬಲು ಪ್ರೀತಿಯದು. ತೊಟ್ಟು ತೊಟ್ಟು, ಒಗೆದು ಒಗೆದು ಬಣ್ಣ ಮಾಸಿತ್ತು. ಅದನ್ನು ಒಳಮಗ್ಗುಲು ತಿರುವಿ ನೋಡಿ, "ಕತ್ತರಸೂದಿಲ್ಲ. ಮಡಚಿ ಹೊಲಿತೀನಿ" ಎಂದಳು.

"ಅಕೀನ ಹೇಳ್ಯಾಳ, ಮದಿನವ್ವಾ. ಅಷ್ಟು ಬಟ್ಟಿ ಒಳಗ ಮಡಚಿದ್ರ ಬರೇ ಎಲುಬಿಗೆ ಚುಚ್ಚತೈತಿ."

"ಚುಚ್ಚದಂಗ ಹೊಲಿಯೂದು ನನ್ನ ಕೆಲಸ್ರಿ."

"ಎಲ್ಲಾದಕ್ಕೂ ನಿಂದ ನಡೀಬೇಕೇನ? ಹೇಳಿದಷ್ಟು ಮಾಡು!"

ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಮದಿನಾಬಿ ಬಾಯಿಂದ ಸೂಜಿಗಳನ್ನು ತೆಗೆದು ಮಷೀನಿನ ಮೇಲಿಟ್ಟಳು. ಅವಳು ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಕತ್ತರಿಸಿದ್ರ ವೈನಿ ಮೈ ಇನ್ನ ಇಷ್ಟ ಅಂತ ನಾವಿಬ್ಬರೂ ಒಪ್ಪಿದಂಗ ಆತು. ನಾ ಒಪ್ಪಿಲ್ಲ. ನೀವು ಒಪ್ಪೀರೇನ್ರಿ ಅಣ್ಣಾ?"

ನಾನು ನನ್ನ ಅಂಗಡಿಗೆ ಬಂದು, ಡಬ್ಬಿಗಳ ಹಿಂದೆ ಕೂತು ಅತ್ತೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮಷೀನ್ ಓಡಿತು. ಡಬ್ಬಿಗಳು ಅಲುಗಿದವು. ಅಂದು ನಾನು ಬೈಯಲಿಲ್ಲ.

ಜಂಪರುಗಳನ್ನು ಅವಳೇ ಮನೆಗೆ ತಂದಳು. ಒಳಗಿನ ಮಡಿಕೆಯ ಮೇಲೆ ಮೆತ್ತನೆಯ ಹಳೆ ಬಟ್ಟೆಯ ಪಟ್ಟಿ ಕೂಡಿಸಿದ್ದಳು. ಹೊಲಿಗೆಯನ್ನು ದೂರ ದೂರ ಹಾಕಿದ್ದಳು, ತುದಿ ಹಿಡಿದು ಎಳೆದರೆ ದಾರ ಬಿಚ್ಚಿಬರುವಂತೆ. ಅಕ್ಕವ್ವ ಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದಳು.

"ಕತ್ತರಿಸಿಲ್ಲೇನವಾ?"

"ಇಲ್ರಿ ವೈನಿ. ನಿಮ್ಮ ಬಟ್ಟಿ ನಿಮ್ಮ ಕಡೇನ ಇರ್ಲಿ. ಆದ್ರ ಈ ದಾರ ಬಿಚ್ಚೂದು ನಾನ. ಬಿಚ್ಚಿಸಾಕ ನೀವ ನಡಕೋತ ಅಂಗಡಿಗೆ ಬರಬೇಕು."

ಅಂದಿನಿಂದ ಹೊತ್ತು ಮುಳುಗುವ ಮುಂಚೆ ಏನಾದರೊಂದು ನೆಪ ತೆಗೆದು ನಮ್ಮ ಮನೆಗೆ ಬರತೊಡಗಿದಳು. ಒಮ್ಮೆ ಗುಂಡಿ ಹಚ್ಚಲು, ಒಮ್ಮೆ ಕರಿಬೇವು ಬೇಡಲು. ಅಕ್ಕವ್ವನ ತಾಟಿನ ಎದುರು ಕೂತು, ಬಸ್‌ಸ್ಟ್ಯಾಂಡಿನ ಟೇಲರನ ಫಜೀತಿಯನ್ನೋ ಗುಡುಸಾಬನ ಮರೆವನ್ನೋ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಳು. ಅಕ್ಕವ್ವ ನಗುತ್ತ ನಗುತ್ತ ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದಳು. ಮೊದಲು ನುಚ್ಚು, ಆಮೇಲೆ ಅರ್ಧ ರೊಟ್ಟಿ, ಆಮೇಲೆ ಕೇಳಿ ಹಾಕಿಸಿಕೊಳ್ಳುವ ಪಲ್ಯ. ಕೆಲಸ ಮಾಡಿದ್ದು ಔಷಧಿಯೋ ಮದಿನಾಬಿಯ ಬಾಯಿಯೋ, ನನಗೆ ಗೊತ್ತಿಲ್ಲ. ಆ ಬಾಯಿಯ ಬಗ್ಗೆ ನನ್ನ ತಕರಾರನ್ನು ಮಾತ್ರ ಹಿಂದೆ ತೆಗೆದುಕೊಂಡಿದ್ದೇನೆ.

ಈ ಸಲ ಮಳೆ ಶುರುವಾದ ಮೇಲೆ, ಒಂದು ಮುಂಜಾನೆ ನಾನು ಪುಡಿ ತೂಗುತ್ತಿದ್ದೆ. ಅಕ್ಕವ್ವ ಬಜಾರದೊಳಗೆ ನಡೆದು ಬರುವುದು ಕಂಡಿತು. ತೊಟ್ಟದ್ದು ಅದೇ ಕೆಂಪು ಖಣ. ನನ್ನ ಕಡೆ ನೋಡದೆ ನೇರ ಪಕ್ಕದ ಅಂಗಡಿಗೆ ಹತ್ತಿದಳು.

"ಮದಿನಾ, ಉಸಿರ ಬಿಡಾಕ ಆಗವಲ್ದು. ಕಂಕಳಾಗ ಹಿಡ್ಯಾಕತ್ತೈತಿ. ದಾರ ಬಿಚ್ಚವಾ."

ತಕ್ಕಡಿಯನ್ನು ಗಿರಾಕಿಯ ಎದುರಿಗೇ ಬಿಟ್ಟು ನಾನೂ ಓಡಿದೆ. ಮದಿನಾಬಿ ಪರದೆಯ ಹಿಂದೆ ಜಂಪರ್ ಬಿಚ್ಚಿಸಿಕೊಂಡು, ದಾರ ಎಳೆದು, ಮಡಿಕೆ ಬಿಡಿಸಿ ಒಳಗೆ ಕೊಟ್ಟಳು. ಅಕ್ಕವ್ವ ತೊಟ್ಟು ನೋಡಿ, ಪರದೆಯೊಳಗಿಂದಲೇ ನಗತೊಡಗಿದಳು.

"ಇನ್ನೂ ಹಿಡ್ಯಾಕತ್ತೈತಿ ಬೇ!"

ಮೊದಲಿಗಿಂತ ದಪ್ಪವಾಗಿದ್ದಾಳೆ! ಮದಿನಾಬಿ ಈಗ, ಜಂಪರ್ ಹೊಸತಾಗಿದ್ದಾಗ ತಾನೇ ಹಾಕಿದ್ದ ಹಳೆಯ ಹೊಲಿಗೆಯನ್ನೂ ಬಿಚ್ಚಿದಳು. ಇಷ್ಟು ವರ್ಷ ಒಳಗೆ ಬಚ್ಚಿಟ್ಟುಕೊಂಡಿದ್ದ ಖಣ ಹೊರಬಿತ್ತು. ಬಿಸಿಲನ್ನೇ ಕಾಣದ ಬಟ್ಟೆ. ಮಾಸಿದ ಜಂಪರಿನ ಪಕ್ಕೆಗಳಲ್ಲಿ ಅಂಗಡಿಯಿಂದ ತಂದ ದಿನದ ಕೆಂಪು. ನನ್ನ ಕಣ್ಣು ತುಂಬಿತು, ಈ ಸಲ ನಾನು ಯಾವ ಡಬ್ಬಿಯ ಮರೆಗೂ ಹೋಗಲಿಲ್ಲ.

ಮದಿನಾಬಿ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಮಷೀನಿಗೆ ಕೂತಳು. "ಒಂದ ಬೆರಳು ಬಿಡಿಸೀನ್ರಿ ವೈನಿ" ಎಂದಳು, "ಇನ್ನೊಂದು ಬೆರಳು ಒಳಗ ಐತಿ. ಊಟ ಬಿಡಬ್ಯಾಡ್ರಿ ಮತ್ತ."