ಪುಸ್ತಕದ ಆಚೆ ಕಾಣುತ್ತಿದ್ದ ಮುಖ

ನಮ್ಮ ಮನೆಯಲ್ಲಿ ಪುಸ್ತಕ ಮುಟ್ಟುವ ಹಕ್ಕು ಮಗಳೊಬ್ಬಳಿಗೇ ಇತ್ತು. ನಾನೇನು ಓದದವಳಲ್ಲ. ಹುಣಸೂರಿನ ಕಾಲೇಜಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಪಿಯುಸಿ ಮುಗಿಸಿದವಳು. ಆದರೆ ಆಷಾಢ ಕಾಲಿಟ್ಟಿತೆಂದರೆ ದಸರಾ ಕಳೆಯುವ ತನಕ ನನ್ನ ಕೈ ಪುಸ್ತಕಕ್ಕೆ ಆಗಿಬರುತ್ತಿರಲಿಲ್ಲ. ಅದಕ್ಕೆ ಕಾರಣ ಹೊಗೆಸೊಪ್ಪು.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಬೆಳಗ್ಗೆ ಹೊಲದಲ್ಲಿ ಮುರಿದ ಹಸಿ ಸೊಪ್ಪನ್ನು ಬ್ಯಾರನ್ ಮುಂದಿನ ಚಪ್ಪರಕ್ಕೆ ತಂದು ರಾಶಿ ಹಾಕುತ್ತಾರೆ. ಬ್ಯಾರನ್ ಎಂದರೆ ಸೊಪ್ಪನ್ನು ಶಾಖಕ್ಕಿಟ್ಟು ಒಣಗಿಸುವ ಎತ್ತರದ ಕಟ್ಟಡ. ಅದರೊಳಗೆ ನೇತುಹಾಕಬೇಕಾದರೆ ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರ ಸುತ್ತಿ ಕಟ್ಟಬೇಕು. ಈ ಕಟ್ಟುವ ಕೆಲಸ ನನ್ನದೂ ನಮ್ಮತ್ತೆಯದೂ. ಕಟ್ಟುತ್ತ ಹೋದಂತೆ ಎಲೆಯ ಅಂಟು ಕೈಗೆ ಮೆತ್ತಿ, ಮಧ್ಯಾಹ್ನದ ಹೊತ್ತಿಗೆ ಅಂಗೈ ಕಪ್ಪಗಾಗಿರುತ್ತದೆ. ಎಷ್ಟು ತಿಕ್ಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ. ಊಟಕ್ಕೆ ಕೂತರೆ ಮುದ್ದೆಯೂ ಕಹಿ.

ಮಗಳು ಒಂದನೇ ಕ್ಲಾಸಿಗೆ ಸೇರಿದ ವರ್ಷ, ಹೊಸ ಪುಸ್ತಕ ಕಂಡು ತಡೆಯಲಾರದೆ ಅಂಥ ಕೈಯಲ್ಲೇ ಎತ್ತಿಕೊಂಡುಬಿಟ್ಟೆ. ಆನೆ ಇದ್ದ ಹಾಳೆಯೂ ಇಲಿ ಇದ್ದ ಹಾಳೆಯೂ ಒಂದಕ್ಕೊಂದು ಕಚ್ಚಿಕೊಂಡವು. ಬಿಡಿಸಲು ಹೋದರೆ ಆನೆಯ ಸೊಂಡಿಲು ಕಿತ್ತು ಇಲಿಯ ಮೇಲೆ ಕೂತಿತು. ಮಗಳು ಊರು ಒಂದಾಗುವಂತೆ ಅತ್ತಳು. ಅವತ್ತೇ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು. ನಾನು ಪುಸ್ತಕ ಮುಟ್ಟಬಾರದು, ಅವಳು ಸೊಪ್ಪು ಮುಟ್ಟಬಾರದು. ಸೊಪ್ಪು ಮುಟ್ಟಿದರೆ ಮಕ್ಕಳಿಗೆ ತಲೆಸುತ್ತು, ವಾಂತಿ. ಹಾಗಾಗಿ ಅವಳ ಪಾಲಿನ ಕಟ್ಟಳೆಯನ್ನು ನಾನು ಬಲು ಜೋರಾಗಿ ನಡೆಸಿದೆ.

ಸ್ಕೂಲು ಬಿಟ್ಟು ಬಂದವಳು ಹಾಲು ಕುಡಿದು ಸೀದಾ ಚಪ್ಪರಕ್ಕೆ ಬರುತ್ತಿದ್ದಳು. ನನ್ನ ಎದುರಿಗೆ ಒಂದು ಮಂಕರಿ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಪುಸ್ತಕ ಬಿಚ್ಚಿಟ್ಟು, ಆಚೆ ಬದಿಯಲ್ಲಿ ಮಂಡಿಯೂರಿ ಕೂರುತ್ತಿದ್ದಳು. ಪುಸ್ತಕದ ಮುಖ ನನ್ನ ಕಡೆಗೆ. ನನ್ನ ಕೈ ಅದರಷ್ಟಕ್ಕೆ ದಾರ ಸುತ್ತುತ್ತಿತ್ತು, ಕಣ್ಣು ಅಕ್ಷರದ ಮೇಲಿರುತ್ತಿತ್ತು. ಬೆರಳಿಟ್ಟು ತೋರಿಸುವಂತಿರಲಿಲ್ಲವಾಗಿ ಬಾಯಲ್ಲೇ ದಾರಿ ಹೇಳುತ್ತಿದ್ದೆ: "ನಿನ್ ಬೆರಳ್ ಪಕ್ಕದ್ದು. ಅಲ್ಲ ಕಣ, ಅದರ ಈಚೇದು. ಆಂ, ಅದೇ." ನಾನು ಓದಿದ್ದನ್ನು ಅವಳು ಓದುತ್ತಿದ್ದಳು. ಪುಟ ಮುಗಿದರೆ "ತಿರುವು ಮಗ" ಅನ್ನುತ್ತಿದ್ದೆ, ಅವಳು ತಿರುವುತ್ತಿದ್ದಳು. ಪಕ್ಕದಲ್ಲಿ ಎಲೆ ಜೋಡಿಸಿಕೊಡುತ್ತಿದ್ದ ನಮ್ಮತ್ತೆಗೂ ಅಭ್ಯಾಸವಾಗಿ, ನಾನು ಮರೆತರೆ ಅವರೇ "ತಿರುವ್ಸು ಕೂಸೆ" ಅಂತ ಗದರುತ್ತಿದ್ದರು. ಪುಟ ಮುಗಿದಿದೆಯೋ ಇಲ್ಲವೋ ಅವರಿಗೆ ಬೇಕಿರಲಿಲ್ಲ.

ಲೆಕ್ಕ ಮಾತ್ರ ಬ್ಯಾರನ್ ಗೋಡೆಯ ಮೇಲೆ. ಇದ್ದಿಲಿಗೆ ಅಂಟಿನ ಕೈಯ ಮೇಲೆ ಯಾವ ಮುನಿಸೂ ಇಲ್ಲವಲ್ಲ. ಕೂಡುವುದು, ಕಳೆಯುವುದು, ಆಮೇಲೆ ಗುಣಾಕಾರ, ಅವಳು ಬೆಳೆದ ಹಾಗೆ ಲೆಕ್ಕಗಳು ಗೋಡೆಯ ಮೇಲೆ ಮೇಲಕ್ಕೇರುತ್ತ ಹೋದವು. ಈ ವರ್ಷ ಆ ಗೋಡೆಗೆ ಸುಣ್ಣ ಹೊಡೆಯಲು ಬಕೆಟ್ ಹಿಡಿದು ಹೊರಟ ನಮ್ಮ ಯಜಮಾನರಿಗೆ ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅವರು ಬಕೆಟ್ ತೆಗೆದುಕೊಂಡು ಹೋಗಿ ದನದ ಕೊಟ್ಟಿಗೆಗೆ ಹೊಡೆದರು.

ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಮಿಸ್ಸು ಹೇಳಿಕಳಿಸಿದರು. ಮಗಳು ಏನೋ ಕಿತಾಪತಿ ಮಾಡಿದ್ದಾಳೆ ಎಂದುಕೊಂಡು, ಹೋಗುವಾಗಲೇ ಬೈಗುಳ ಸಿದ್ಧ ಮಾಡಿಕೊಂಡು ಹೋದೆ.

"ಕ್ಲಾಸಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದ್ತಾಳೆ ಕಣ್ರೀ," ಎಂದರು ಮಿಸ್ಸು. "ಆದ್ರೆ ಪುಸ್ತಕ ತಲೆಕೆಳಗು ಇಟ್ಕೊಂಡು ಓದ್ತಾಳೆ. ನಾನು ನೆಟ್ಟಗೆ ಮಾಡಿಟ್ರೆ, ತಡವರಿಸ್ತಾಳೆ. ಮತ್ತೆ ತಿರುಗಿಸಿಟ್ಕೊಂಡ್ರೆ ಪಟಪಟ ಅಂತ ಓದ್ತಾಳೆ. ಮನೇಲಿ ಹೆಂಗೆ ಕಲಿಸ್ತಾ ಇದೀರಿ ನೀವು?"

ನನಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪುಸ್ತಕದ ಮುಖ ನನ್ನ ಕಡೆಗಿದ್ದರೆ ಆಚೆ ಕೂತವಳಿಗೆ ಅಕ್ಷರ ಹೇಗೆ ಕಾಣುತ್ತದೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಪಾಪ, ಅಕ್ಷರ ಇರುವುದೇ ಹಾಗೆ ಎಂದು ನಂಬಿ ಅವಳು ಕಲಿತುಬಿಟ್ಟಿದ್ದಳು. ವಿಷಯ ತಿಳಿದು ಮಿಸ್ಸೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಹೇಳಿದರೆ ನಮ್ಮತ್ತೆಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

"ಓದ್ತದಲ್ಲ, ಎಂಗಾದ್ರೂ ಓದ್ಕಳ್ಳಿ ಬುಡಮ್ಮಿ," ಎಂದರು.

ಅಂದಿನಿಂದ ಪಾಠದ ಕ್ರಮ ಬದಲಾಯಿತು. ಮೊದಲು ಪುಸ್ತಕದ ಮುಖ ಅವಳ ಕಡೆಗೆ, ಅವಳು ಓದಬೇಕು, ನಾನು ಕೇಳಬೇಕು. ಕೆಲವೇ ದಿನಗಳಲ್ಲಿ ನೆಟ್ಟಗೆ ಓದುವುದೂ ಬಂತು. ಆದರೆ ಹಳೆಯದನ್ನು ಅವಳು ಬಿಡಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಬಿಡಿಸಲಿಲ್ಲ. ಕಷ್ಟದ ಪಾಠ ಬಂದರೆ ತಾನೇ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸುತ್ತಿದ್ದಳು. ನೆಂಟರು ಬಂದಾಗ ಅವರ ತೊಡೆಯ ಮೇಲಿದ್ದ ಪೇಪರನ್ನು ಎದುರಿಗೆ ನಿಂತೇ ಓದಿ ಬೆರಗು ಹುಟ್ಟಿಸುವುದೂ ಇತ್ತು. ಒಮ್ಮೆ ಮೈಸೂರಿಗೆ ಹೋಗುವಾಗ ಬಸ್ಸು ಬಿಳಿಕೆರೆಯಲ್ಲಿ ನಿಂತಿತ್ತು. ಎದುರಿನ ಸೀಟಿನಲ್ಲಿ ನಮ್ಮ ಕಡೆಗೆ ಮುಖ ಮಾಡಿ ಕೂತಿದ್ದ ಅಜ್ಜನೊಬ್ಬ ಮದುವೆ ಕಾಗದವನ್ನು ತೊಡೆಯ ಮೇಲಿಟ್ಟು ಕನ್ನಡಕ ಹುಡುಕುತ್ತಿದ್ದ. ಇವಳು ಕೂತಲ್ಲಿಂದಲೇ ವಧುವಿನ ಹೆಸರು, ವರನ ಹೆಸರು, ಮುಹೂರ್ತ ಎಲ್ಲ ಓದಿ ಹೇಳಿದಳು. ಅಜ್ಜ ಜೇಬಿನಿಂದ ಕಡ್ಲೆಮಿಠಾಯಿ ತೆಗೆದುಕೊಟ್ಟ.

ಐದನೇ ಕ್ಲಾಸಿನಲ್ಲಿ ವಸತಿ ಶಾಲೆಯ ಪರೀಕ್ಷೆಗೆ ಕೂರಿಸಿದೆ. ಕೂರಿಸಿದವಳು ನಾನೇ, ಯಾರೂ ಬಲವಂತ ಮಾಡಲಿಲ್ಲ. ಚೆನ್ನಾಗಿ ಓದುವ ಮಗು, ಒಳ್ಳೆಯ ಕಡೆ ಓದಲಿ ಅಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಳ್ಳುತ್ತೇನೆ. ಪಾಸಾದಳು. ಎಚ್.ಡಿ. ಕೋಟೆ ಕಡೆಯ ಶಾಲೆಯಲ್ಲಿ ಸೀಟು ಸಿಕ್ಕಿತು. ಟ್ರಂಕು, ಬಕೆಟ್ಟು, ಹಾಸಿಗೆ ಸುರುಳಿ ಹೊತ್ತುಕೊಂಡು ನಾವೇ ಹೋಗಿ ಬಿಟ್ಟು ಬಂದೆವು. ಊರವರೆಲ್ಲ ಹೊಗಳಿದರು. ನಾನೂ ಎದೆಯುಬ್ಬಿಸಿಕೊಂಡು ಓಡಾಡಿದೆ, ಆಷಾಢ ಬರುವ ತನಕ.

ಈ ಸಲ ಸೊಪ್ಪು ಕಟ್ಟಲು ಕೂತ ಮೊದಲ ದಿನ, ಹೊತ್ತು ಇಳಿಯುವಾಗ ನನಗೇ ತಿಳಿಯದ ಹಾಗೆ ಎದುರಿನ ಎಲೆಗಳನ್ನು ಅತ್ತಿತ್ತ ಸರಿಸಿ ಮಂಕರಿ ಇಡುವಷ್ಟು ಜಾಗ ಮಾಡಿದ್ದೆ. ನಮ್ಮತ್ತೆ ಆ ಖಾಲಿ ಜಾಗ ನೋಡಿದರು, ನನ್ನನ್ನು ನೋಡಿದರು, ಮತ್ತೆ ಎಲೆ ಜೋಡಿಸಿದರು. ಸ್ಕೂಲಿನ ಮಕ್ಕಳು ರಸ್ತೆಯಲ್ಲಿ ಕೂಗಾಡುತ್ತ ಹೋಗುವ ಹೊತ್ತು ನನಗೆ ಬೇಡವಾಯಿತು. ಮಗಳನ್ನು ಕಾಣದೆ ಸಂಕಟವಾಗುತ್ತಿತ್ತು, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ಕೆಲಸ ಬೇಗ ಮುಗಿಯುತ್ತಿತ್ತು, ಅದೂ ಬೇಡವಾಯಿತು.

ಭಾನುವಾರ ಅವಳು ಹಾಸ್ಟೆಲಿನಿಂದ ಫೋನ್ ಮಾಡುತ್ತಾಳೆ. ಹಿಂದೆ ಸಾಲು ನಿಂತ ಮಕ್ಕಳ ಗಲಾಟೆ ಕೇಳುತ್ತದೆ. ಉಂಡೆಯಾ, ಜ್ವರ ಇಲ್ಲವಾ ಎಂದು ಕೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಒಂದು ಭಾನುವಾರ ನಾನು ಅದೆಲ್ಲ ಬಿಟ್ಟು, "ಏನಾದ್ರೂ ಒಂಚೂರು ಓದು ಮಗ, ಕೇಳ್ತೀನಿ" ಎಂದೆ.

"ಇಲ್ಲಿ ಎಲ್ರೂ ಅವ್ರೆ ಕಣವ್ವ. ನಾಚ್ಕೆ ಆಯ್ತದೆ," ಎಂದಳು. "ರಜಕ್ ಬತ್ತೀನಲ್ಲ, ಆಗ ಓದ್ತೀನಿ ಬುಡು."

ನಾನು ಆ ಮಾತನ್ನು ಹಿಡಿದುಕೊಂಡು ಕೂತೆ. ಬೇರೇನೂ ಬೇಕಿರಲಿಲ್ಲ. ಮಂಕರಿಯ ಆಚೆ ಕೂತು ಅವಳು ಒಂದು ಪಾಠ ಓದಬೇಕು, ನಾನು ಕೇಳಬೇಕು, ಅಷ್ಟೇ.

ದಸರಾ ರಜಕ್ಕೆ ಅವಳು ಬರುವ ಹಿಂದಿನ ದಿನವೇ ನಾನು ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದುಬಿಟ್ಟೆ. ಬ್ಯಾರನ್ ತುಂಬುವ ಹೊತ್ತಿನಲ್ಲಿ ಹೀಗಂದರೆ ಹೇಗೆ ಎಂದು ನಮ್ಮ ಯಜಮಾನರು ಗೊಣಗಿದರು, ಆಮೇಲೆ ಪಕ್ಕದ ಮನೆಯವರನ್ನು ಕರೆದು ತಂದರು. ನಾನು ಹುಣಸೆಹಣ್ಣು, ಸೋಪಿನ ಪುಡಿ, ತೆಂಗಿನ ನಾರು ಎಲ್ಲ ಹಾಕಿ ಕೈ ತಿಕ್ಕಿದೆ. ಚರ್ಮ ಕೆಂಪಾಗುವ ತನಕ ತಿಕ್ಕಿದೆ. ಉಗುರಿನ ಸಂದಿಯ ಕಪ್ಪನ್ನೂ ಕಡ್ಡಿಯಿಂದ ತೆಗೆದೆ.

ಬಂದವಳು ಎತ್ತರವಾಗಿದ್ದಳು. ಮುದ್ದೆ ಸಾರು ಉಂಡು, ಅಜ್ಜಿಯ ಹತ್ತಿರ ಮುದ್ದು ಮಾಡಿಸಿಕೊಂಡು, ಮಧ್ಯಾಹ್ನ ಜಗಲಿಯಲ್ಲಿ ಗೋಡೆಗೊರಗಿ ಪುಸ್ತಕ ಬಿಚ್ಚಿದಳು. ತುಟಿ ಅಲುಗಲಿಲ್ಲ. ಮನಸ್ಸಿನಲ್ಲೇ ಓದುವುದನ್ನು ಕಲಿಸಿದ್ದಾರೆ. ಸ್ವಲ್ಪ ಹೊತ್ತು ಕಾದೆ, ತಡೆಯಲಾಗಲಿಲ್ಲ.

"ಓದ್ತೀನಿ ಅಂದಿದ್ಯಲ್ಲ ಮಗ."

"ಓ!" ಎಂದು ನಕ್ಕು, ಸರಿದು ಬಂದು ನನ್ನ ಪಕ್ಕದಲ್ಲಿ ಕೂತಳು. ಭುಜಕ್ಕೆ ಭುಜ ತಾಗಿಸಿ, ಪುಸ್ತಕವನ್ನು ನಮ್ಮಿಬ್ಬರ ತೊಡೆಯ ಮೇಲೆ ನೆಟ್ಟಗೆ ಇಟ್ಟು ಓದತೊಡಗಿದಳು. ಎಷ್ಟು ಚೆಂದ ಓದಿದಳೆಂದರೆ, ಎಲ್ಲೂ ಎಡವಲಿಲ್ಲ. ನನಗೆ ಒಂದೊಂದು ಅಕ್ಷರವೂ ಕಾಣುತ್ತಿತ್ತು. ಅವಳ ಕಿವಿ ಕಾಣುತ್ತಿತ್ತು, ಬಿಗಿಯಾಗಿ ಹೆಣೆದ ಜಡೆ ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. ಇಷ್ಟು ದಿನ ನಾನು ಹಂಬಲಿಸಿದ್ದು ಏನನ್ನು ಎಂದು ಆಗ ಗೊತ್ತಾಯಿತು. ಆ ಮಂಕರಿಯ ಆಚೆ, ಪುಸ್ತಕದ ಮೇಲೆ ಬಾಗಿ, ಕಷ್ಟದ ಪದ ಬಂದಾಗ ಹುಬ್ಬು ಗಂಟು ಹಾಕಿ, ಸರಿಯಾಗಿ ಓದಿದಾಗ ತಟ್ಟನೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ ಆ ಮುಖ.

"ಆ ಕಡೆ ಕೂತ್ಕೊಂಡು ಓದು. ಮೊದ್ಲಿನ ಹಂಗೆ."

"ಅಯ್ಯೋ ಅವ್ವ!" ಎಂದಳು. ಆದರೂ ಎದ್ದು ಎದುರಿಗೆ ಮಂಡಿಯೂರಿದಳು. ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. ಓದಲು ಶುರು ಮಾಡಿ, ನಿಂತಳು. ಮತ್ತೆ ಶುರು ಮಾಡಿದಳು. ಎರಡನೇ ಸಾಲಿನಲ್ಲಿ ಮತ್ತೆ ಎಡವಿದಳು. ಹುಬ್ಬು ಗಂಟಾಯಿತು. ಅದನ್ನೇ ನೋಡುತ್ತ ನಾನು ಕೂತಿದ್ದೆ.

"ಆಯ್ತಾ ಇಲ್ಲ ಕಣವ್ವ. ತಲೆ ನೋಯ್ತದೆ," ಎಂದು ನಕ್ಕಳು. "ಮರ್ತೋಗದೆ."

ಒಳ್ಳೆಯದೇ ಆಯಿತು ಬಿಡು, ಎಂದೆ. ಅವಳು ಮತ್ತೆ ಈಚೆಗೆ ಬಂದಳು. ಕೂರುವ ಮೊದಲು ನನ್ನ ಅಂಗೈ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿದಳು.

"ಕೈ ಎಷ್ಟು ಕ್ಲೀನಾಗದೆ! ನೀನೇ ಇಡ್ಕೊ," ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು.

ಸೊಪ್ಪಿನ ಕಾಲದಲ್ಲಿ ಅವಳ ಪುಸ್ತಕ ಹೀಗೆ ನನ್ನ ಕೈಗೆ ಬಂದದ್ದು ಆನೆಯ ಸೊಂಡಿಲು ಕಿತ್ತ ಮೇಲೆ ಇದೇ ಮೊದಲು. ಅವಳು ನನ್ನ ತೋಳಿಗೆ ತಲೆಯಾನಿಸಿ ಓದತೊಡಗಿದಳು. ಚಪ್ಪರದ ಕಡೆಯಿಂದ ಹಸಿ ಸೊಪ್ಪಿನ ವಾಸನೆ ಬರುತ್ತಿತ್ತು. ರಜ ಮುಗಿಯಲು ಇನ್ನೂ ದಿನಗಳಿದ್ದವು, ನಾನು ಆಗಲೇ ಅವಳನ್ನು ಬಸ್ಸು ಹತ್ತಿಸುವ ದಿನವನ್ನು ನೆನೆಯುತ್ತಿದ್ದೆ. ಮೆಲ್ಲಗೆ ಕುತ್ತಿಗೆ ಬಗ್ಗಿಸಿ, ಅವಳ ಮುಖ ಒಂಚೂರಾದರೂ ಕಾಣುತ್ತದೇನೋ ಎಂದು ನೋಡುತ್ತಿದ್ದೆ. ಅವಳ ದನಿ ನಿಂತಿತು. ಯಾಕೆ ನಿಲ್ಲಿಸಿದಳೆಂದು ನನಗೆ ಗೊತ್ತಾಗಲಿಲ್ಲ.

"ತಿರುವವ್ವ," ಎಂದಳು.